ಲ್ಯಾಬ್ ರಿಪೋರ್ಟ್‌ನಲ್ಲಿ 22 ಪ್ರೋಟೀನ್ ಇದೆ, ಮರಿ ಮಾತ್ರ ತೂಕ ಕಟ್ಟುತ್ತಿಲ್ಲ

ಸಿಂಧನೂರು ಶೆಡ್

ಎಲ್ಲರಿಗೂ ನಮಸ್ಕಾರ. ಸಿಂಧನೂರು ಹತ್ತಿರ ನಮ್ಮದು 4000 ಬ್ರಾಯ್ಲರ್ ಕೋಳಿ ಮರಿಯ ಶೆಡ್. ಐದು ವರ್ಷ ಕಂಪನಿಯ ಮರಿ, ಕಂಪನಿಯ ಫೀಡ್ ಇಟ್ಟುಕೊಂಡು ಕೆಜಿಗೆ ಇಷ್ಟು ಅಂತ ಸಾಕಿ ಕೊಟ್ಟೆ. ಹೋದ ವರ್ಷದಿಂದ ಮರಿಯೂ ಸ್ವಂತ, ಫೀಡೂ ಸ್ವಂತ.

ಸೋಯಾ ಡಿಒಸಿ, ಅಂದರೆ ಎಣ್ಣೆ ತೆಗೆದ ಸೋಯಾ ಹಿಂಡಿ, ಅದರ ರೇಟು ಏರಿತು. ಹಾಗಾಗಿ ಈ ಬ್ಯಾಚಿಗೆ ಸೋಯಾ ಅರ್ಧಕ್ಕೆ ಇಳಿಸಿದೆ. ಆ ಜಾಗಕ್ಕೆ ಸಿಪ್ಪೆ ತೆಗೆದ ಹತ್ತಿಕಾಳು ಹಿಂಡಿ ಮತ್ತು ರೈಸ್ ಡಿಡಿಜಿಎಸ್ (ಅಕ್ಕಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಒಣ ಮಾಲು) ಹಾಕಿದೆ. ಎಮ್ಮೆಗೆ ಹಾಕುವ ಸಿಪ್ಪೆ ಸಮೇತದ ಹಿಂಡಿ ಅಲ್ಲ, ಒಳ್ಳೆಯ ಮಾಲು. ಪ್ರೋಟೀನ್ ಕಡಿಮೆ ಆಗಬಾರದು ಅಂತ ಲೆಕ್ಕ ಹಾಕಿಯೇ ಕಲಸಿದ್ದು. ಒಂದು ಲ್ಯಾಬಿಗೂ ಕಳಿಸಿದೆ. ಕ್ರೂಡ್ ಪ್ರೋಟೀನ್ 22.1 ಅಂತ ಬಂತು. ಮರಿಗೆ ಶುರುವಿನಲ್ಲಿ ಕೊಡುವ ಬ್ರಾಯ್ಲರ್ ಸ್ಟಾರ್ಟರ್ ಫೀಡಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳುವುದೂ 22 ಅಲ್ವಾ?

ಹಿಂದಿನ ಬ್ಯಾಚ್ 35ನೇ ದಿನಕ್ಕೆ 2 ಕೆಜಿ ಹತ್ತಿರ ಇತ್ತು. ಈ ಸಲ 1.6 ದಾಟಲಿಲ್ಲ. ನೆಲಕ್ಕೆ ಹಾಸಿದ ಹೊಟ್ಟು, ಅಂದರೆ ಲಿಟ್ಟರ್, ಒದ್ದೆ ಒದ್ದೆ. ಬೆಳಗ್ಗೆ ಪರದೆ ಎತ್ತಿದರೆ ಕಣ್ಣು ಉರಿಯುತ್ತದೆ. ಡಾಕ್ಟರು ಎರಡು ಮರಿ ಕೊಯ್ದು ನೋಡಿ ರೋಗ ಇಲ್ಲ ಅಂದರು. ಹಾಗಾದರೆ ತಿಂದ ಪ್ರೋಟೀನ್ ಎಲ್ಲಿಗೆ ಹೋಯಿತು? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಮಾನ್ವಿ ರೈತ

ಅಣ್ಣಾ, ಯಾವ ತಿಂಗಳ ಬ್ಯಾಚು? ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಯಾವ ಫೀಡ್ ಹಾಕಿದರೂ ಮರಿ ಬಾಯಿ ತೆರೆದು ಕೂಡುತ್ತವೆ. ತಿನ್ನುವುದೇ ಇಲ್ಲ.

ಸಿಂಧನೂರು ಶೆಡ್

ಮಳೆ ಶುರುವಾದ ಮೇಲೆ ಬಿಟ್ಟ ಮರಿ, ಅಣ್ಣಾ. ತಿನ್ನುವುದರಲ್ಲಿ ಕಡಿಮೆ ಇಲ್ಲ. ಹಿಂದಿನ ಬ್ಯಾಚಿಗಿಂತ ಚೀಲ ಜಾಸ್ತಿಯೇ ಖರ್ಚಾಗಿದೆ. ಅದಕ್ಕೇ ತಲೆ ಕೆಟ್ಟಿದೆ.

ಬಳ್ಳಾರಿ ಫೀಡ್ ಲ್ಯಾಬ್

ನಾನು ಫೀಡ್ ಮಿಲ್ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ನಿಮ್ಮ ರಿಪೋರ್ಟ್ ಸುಳ್ಳಲ್ಲ. ಆದರೆ ಅದು ಏನನ್ನು ಅಳೆಯುತ್ತದೆ ಅನ್ನುವುದು ತಿಳಿಯಬೇಕು.

ಆ ಪರೀಕ್ಷೆಯಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದೇ ಇಲ್ಲ, ನೈಟ್ರೋಜನ್ ಅಳೆಯುತ್ತಾರೆ. 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಅನ್ನುವವರು ಕಂಡುಹಿಡಿದ ವಿಧಾನ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಲ್ಯಾಬಿನಲ್ಲಿ ಅವರು ಕೆಲಸ ಮಾಡುತ್ತಿದ್ದರು. ಮಾಲನ್ನು ಗಂಧಕದ ಆಮ್ಲದಲ್ಲಿ ಕುದಿಸಬೇಕು. ಅದರಲ್ಲಿರುವ ನೈಟ್ರೋಜನ್ ಅಮೋನಿಯಾ ರೂಪಕ್ಕೆ ಬರುತ್ತದೆ. ಅದನ್ನು ಬಟ್ಟಿ ಇಳಿಸಿ ಅಳೆಯಬೇಕು. ಪ್ರೋಟೀನಿನಲ್ಲಿ ಸರಾಸರಿ ನೂರಕ್ಕೆ 16 ಭಾಗ ನೈಟ್ರೋಜನ್ ಇರುತ್ತದೆ ಅಂತ ಹಿಡಿದು 6.25ರಿಂದ ಗುಣಿಸುತ್ತಾರೆ. ಅಷ್ಟೇ ಕ್ರೂಡ್ ಪ್ರೋಟೀನ್.

ಹೊಲಕ್ಕೆ ಹಾಕುವ ಯೂರಿಯಾ ತಗೊಳ್ಳಿ. ಅದರಲ್ಲಿ 46 ಭಾಗ ನೈಟ್ರೋಜನ್. 6.25ರಿಂದ ಗುಣಿಸಿದರೆ 287! ನೂರು ಕೆಜಿ ಯೂರಿಯಾದಲ್ಲಿ 287 ಕೆಜಿ ಪ್ರೋಟೀನ್ ಇದೆ ಅಂದಂತೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ನೈಟ್ರೋಜನ್ ಜಾಸ್ತಿ ಇರುವ ಮೆಲಮಿನ್ ಅನ್ನುವ ರಾಸಾಯನಿಕ ಬೆರೆಸಿ ಮಕ್ಕಳ ಜೀವ ಹೋಯಿತಲ್ಲ, ಅದೂ ಇದೇ ಲೆಕ್ಕವನ್ನು ಮೋಸಗೊಳಿಸಲು ಮಾಡಿದ್ದು. ಕೋಳಿ ಪುಕ್ಕದಲ್ಲಿ 80ಕ್ಕೂ ಜಾಸ್ತಿ ಪ್ರೋಟೀನ್ ಇದೆ. ಅದು ನಿಜವಾದ ಪ್ರೋಟೀನೇ. ಆದರೆ ಹಬೆಯಲ್ಲಿ ಒತ್ತಡ ಕೊಟ್ಟು ಬೇಯಿಸದೆ ಹಾಕಿದರೆ ಮರಿಗೆ ದಕ್ಕುವುದು ಅತ್ಯಲ್ಪ.

ನಿಮ್ಮ ಮಾಲಿನಲ್ಲಿ ಮೋಸ ಇದೆ ಅಂತ ನಾನು ಹೇಳುತ್ತಿಲ್ಲ. ಮಾಲು ಅಪ್ಪಟ ಇದ್ದರೂ ಜೀರ್ಣ ಆಗುವ ಪಾಲು ಬೇರೆ ಬೇರೆ ಇರುತ್ತದೆ.

ಕಾರಟಗಿ ಕೋಳಿ ಫಾರಂ

ಸರ್, ಹಾಗಾದರೆ ಜೀರ್ಣ ಆದದ್ದು ಎಷ್ಟು ಅಂತ ಅಳೆಯುವುದು ಹೇಗೆ? ತಿಂದದ್ದು ಲೆಕ್ಕ ಇಟ್ಟು, ಹಿಕ್ಕೆ ತೂಕ ಮಾಡಿ, ಎರಡರಲ್ಲೂ ಪ್ರೋಟೀನ್ ನೋಡಿ ಕಳೆದರೆ ಮುಗಿಯಿತಲ್ಲವೇ?

ಕೊಪ್ಪಳ ಸಂಶೋಧನಾ ವಿದ್ಯಾರ್ಥಿ

ಇದು ನನ್ನ ಓದಿನ ವಿಷಯ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಕಾರಟಗಿ ಅಣ್ಣ ಹೇಳಿದ ಲೆಕ್ಕ ಹಂದಿಗೆ, ದನಕ್ಕೆ ಒಂದು ಮಟ್ಟಿಗೆ ಆಗುತ್ತದೆ. ಅವುಗಳ ಸಗಣಿ ಬೇರೆ, ಮೂತ್ರ ಬೇರೆ. ಕೋಳಿಗೆ ಎರಡೂ ಒಂದೇ ದ್ವಾರದಲ್ಲಿ ಬರುತ್ತವೆ. ಹಿಕ್ಕೆಯ ಮೇಲೆ ಬಿಳಿ ಸುಣ್ಣದ ಹಾಗೆ ಇರುತ್ತದಲ್ಲ, ಅದು ಮೂತ್ರದ ಭಾಗ, ಯೂರಿಕ್ ಆಮ್ಲ. ಅದರ ತೂಕದಲ್ಲಿ ಮೂರನೇ ಒಂದು ಭಾಗ ನೈಟ್ರೋಜನ್. ಅಂದರೆ ಜೀರ್ಣವಾಗಿ, ರಕ್ತಕ್ಕೆ ಸೇರಿ, ಬಳಕೆಯಾಗಿ ಹೊರಬಿದ್ದ ನೈಟ್ರೋಜನ್ನೂ ಹಿಕ್ಕೆಯಲ್ಲಿ ಕೂಡಿಕೊಂಡಿದೆ. ಹಿಕ್ಕೆ ಅಳೆದರೆ ಜೀರ್ಣವಾದದ್ದನ್ನೂ ಜೀರ್ಣವಾಗಿಲ್ಲ ಅಂತ ಬರೆದುಕೊಂಡ ಹಾಗೆ ಆಗುತ್ತದೆ.

ಇನ್ನೊಂದು ತೊಡಕು ಇದೆ. ಸಣ್ಣ ಕರುಳು ಮುಗಿಯುವ ಕಡೆ ಕೋಳಿಗೆ ಎರಡು ಕುರುಡು ಕರುಳು ಇವೆ. ಅಲ್ಲಿ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ. ಉಳಿದ ಪ್ರೋಟೀನನ್ನು ಅವು ಒಡೆದು ಹಾಕುತ್ತವೆ, ತಮ್ಮ ಮೈ ಬೆಳೆಸಿಕೊಳ್ಳುತ್ತವೆ. ಅಲ್ಲಿ ಒಡೆದದ್ದು ಕೋಳಿಯ ಮಾಂಸಕ್ಕೆ ಸೇರುವುದಿಲ್ಲ. ಅದನ್ನು ದಾಟಿ ಬಂದ ಹಿಕ್ಕೆ ನೋಡಿ ಏನು ತಿಳಿಯುತ್ತದೆ?

ಹಾಗಾಗಿ ಕುರುಡು ಕರುಳು, ಮೂತ್ರ ಎರಡೂ ಸೇರುವ ಮೊದಲೇ ಅಳೆಯಬೇಕು. ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಇಲಿಯಂ ಅಂತ ಹೆಸರು. ಪ್ರೋಟೀನ್ ಒಡೆದು ಹೀರುವ ಕೆಲಸ ಅಲ್ಲಿಗೆ ಮುಗಿದಿರುತ್ತದೆ. ಅಲ್ಲಿ ಉಳಿದದ್ದೇ ನಿಜವಾಗಿ ಜೀರ್ಣವಾಗದ್ದು.

ಮಾನ್ವಿ ರೈತ

ಇದು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಲೆಕ್ಕ ಇದ್ದ ಹಾಗೆ ಇದೆ. ಮೇಲೆ ಎಷ್ಟು ಬಿಟ್ಟರು ಅಂತ ಪೇಪರಿನಲ್ಲಿ ಬರುತ್ತದೆ. ಕೊನೆಭಾಗದ ನಮಗೆ ಗೇಜ್ ನೋಡಿದಾಗಲೇ ಗೊತ್ತಾಗುವುದು. ಅದೂ ಸರಿಯಾದ ಜಾಗದಲ್ಲಿ ನೋಡಬೇಕು. ಹಳ್ಳದ ನೀರು ಸೇರಿದ ಮೇಲೆ ಅಳೆದರೆ ಯಾವುದು ಕಾಲುವೆಯದು, ಯಾವುದು ಹಳ್ಳದ್ದು?

ಕೊಪ್ಪಳ ಸಂಶೋಧನಾ ವಿದ್ಯಾರ್ಥಿ

ಅಣ್ಣಾ, ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ನಿಮ್ಮ ಹಳ್ಳದ ಮಾತಿಗೆ ಆಮೇಲೆ ಬರುತ್ತೇನೆ, ಅದು ಬಹಳ ಮುಖ್ಯ.

ಈಗ ಒಂದು ಪ್ರಶ್ನೆ ಏಳುತ್ತದೆ. ಇಲಿಯಂನಲ್ಲಿ ಸಿಗುವುದು ಕೆಲವೇ ಗ್ರಾಂ. ಅದು ಎಷ್ಟು ಫೀಡಿನ ಉಳಿಕೆ ಅಂತ ತಿಳಿಯುವುದು ಹೇಗೆ? ಅದಕ್ಕೆ ಫೀಡಿನಲ್ಲಿ ಒಂದು ಗುರುತು ಬೆರೆಸುತ್ತೇವೆ. ಟೈಟಾನಿಯಂ ಡೈಆಕ್ಸೈಡ್, ಬಿಳಿ ಪುಡಿ. ಕೋಳಿ ಅದನ್ನು ಹೀರುವುದಿಲ್ಲ, ಹೋದಷ್ಟೂ ಮುಂದೆ ಸಾಗುತ್ತದೆ. ಸಾರು ಕುದಿಸುತ್ತಾ ಹೋದರೆ ನೀರು ಆರಿ ಉಪ್ಪು ಜಾಸ್ತಿ ಆಗುವುದಿಲ್ಲವೇ, ಹಾಗೆ. ಉಪ್ಪು ಹೆಚ್ಚಿಲ್ಲ, ಸಾರು ಬತ್ತಿದೆ. ಉಪ್ಪಿನ ರುಚಿ ಮೂರು ಪಟ್ಟಾಗಿದ್ದರೆ ಮೂರು ಪಾತ್ರೆ ಸಾರು ಒಂದಕ್ಕೆ ಇಳಿದಿದೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ. ಒಣಗಿದ ಫೀಡ್ ಒಂದು ಕೆಜಿಯಲ್ಲಿ ಟೈಟಾನಿಯಂ 5 ಗ್ರಾಂ, ನೈಟ್ರೋಜನ್ 32 ಗ್ರಾಂ ಇದೆ. ಅಂದರೆ 20 ಪರ್ಸೆಂಟ್ ಪ್ರೋಟೀನ್. ಇಲಿಯಂನಿಂದ ತೆಗೆದು ಒಣಗಿಸಿದ ಮಾಲಿನಲ್ಲಿ ಕೆಜಿಗೆ ಟೈಟಾನಿಯಂ 15 ಗ್ರಾಂ, ನೈಟ್ರೋಜನ್ 18 ಗ್ರಾಂ. ಟೈಟಾನಿಯಂ ಮೂರು ಪಟ್ಟಾಗಿದೆ. ಅಂದರೆ ಮೂರು ಕೆಜಿ ಫೀಡ್ ಒಂದು ಕೆಜಿಗೆ ಇಳಿದಿದೆ. ಆ ಮೂರು ಕೆಜಿಯಲ್ಲಿ ನೈಟ್ರೋಜನ್ 96 ಗ್ರಾಂ ಇತ್ತು. ಈಗ ಉಳಿದದ್ದು 18. ಮೈಗೆ ಹೋದದ್ದು 78. ಅಂದರೆ 81.25 ಪರ್ಸೆಂಟ್. ಮರಿ ಎಷ್ಟು ತಿಂದಿತು ಅಂತ ತೂಕ ಮಾಡುವ ಗೊಡವೆಯೇ ಇಲ್ಲ.

ಕುಷ್ಟಗಿ ಅಕ್ಕ

ಓದಿ ಖುಷಿ ಆಯಿತು ತಮ್ಮಾ. ಆದರೆ ಇಲಿಯಂನಿಂದ ತೆಗೆಯಬೇಕು ಅಂದರೆ ಮರಿ ಕೊಲ್ಲಲೇಬೇಕಲ್ಲವೇ? ಎಷ್ಟು ಮರಿ? ಬೇರೆ ದಾರಿ ಇಲ್ಲವೇ?

ಕೊಪ್ಪಳ ಸಂಶೋಧನಾ ವಿದ್ಯಾರ್ಥಿ

ಕೊಲ್ಲಬೇಕು ಅಕ್ಕಾ. ನನಗೂ ಅದು ಸುಲಭದ ಕೆಲಸ ಅಲ್ಲ. ಅದಕ್ಕೇ ನಿಯಮ ಇದೆ. ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಒಪ್ಪದೆ ಒಂದು ಮರಿಯನ್ನೂ ಮುಟ್ಟುವ ಹಾಗಿಲ್ಲ. ಎಷ್ಟು ಬೇಕೋ ಅಷ್ಟೇ ಮರಿ ಅಂತ ಲೆಕ್ಕ ಕೊಡಬೇಕು. ಒಂದು ಮರಿಯಲ್ಲಿ ಸಿಗುವ ಮಾಲು ಪರೀಕ್ಷೆಗೆ ಸಾಲುವುದಿಲ್ಲ. ಒಂದು ಪಂಜರದ ಮರಿಗಳದ್ದೆಲ್ಲ ಸೇರಿಸಿ ಒಂದು ಮಾದರಿ ಮಾಡುತ್ತೇವೆ. ಒಂದು ಫೀಡಿಗೆ ಅಂಥ ಹಲವು ಪಂಜರ ಬೇಕು.

ಕೊಂದ ಮೇಲೆ ಆ ಮರಿ ವ್ಯರ್ಥ ಆಗಬಾರದು ಅನ್ನುವ ಚಿಂತೆ ಇದ್ದೇ ಇರುತ್ತದೆ. ನನ್ನ ಮೊದಲ ಪ್ರಯೋಗದಲ್ಲಿ ಎರಡು ತಪ್ಪು ಮಾಡಿದೆ. 50 ಕೆಜಿ ಫೀಡಿಗೆ 250 ಗ್ರಾಂ ಟೈಟಾನಿಯಂ. ಅದನ್ನು ನೇರವಾಗಿ ಸುರಿದು ಕಲಸಿಬಿಟ್ಟೆ. ಚೀಲದ ಮೇಲಿನ ಮಾದರಿಗೂ ತಳದ ಮಾದರಿಗೂ ಅಂಕಿ ಹೊಂದಲಿಲ್ಲ. ಮೊದಲು ಒಂದು ಕೆಜಿ ಹಿಟ್ಟಿನಲ್ಲಿ ಕಲಸಿ, ಅದನ್ನು ಐದು ಕೆಜಿಗೆ, ಆಮೇಲೆ ಎಲ್ಲಕ್ಕೂ ಅಂತ ಹೋಗಬೇಕಿತ್ತು. ನೀವು ಔಷಧಿ, ಪ್ರೀಮಿಕ್ಸ್ ಬೆರೆಸುವಾಗಲೂ ಇದೇ ಕ್ರಮ.

ಎರಡನೇದು, ಕರುಳಿನಿಂದ ಮಾಲು ಬೇಗ ಬರಲಿ ಅಂತ ಬೆರಳಲ್ಲಿ ಹಿಂಡಿದೆ. ನಮ್ಮ ಗೈಡ್ ಕೈ ಹಿಡಿದು ನಿಲ್ಲಿಸಿದರು. ಹಿಂಡಿದರೆ ಕರುಳಿನ ಒಳಪದರ ಕಿತ್ತು ಬರುತ್ತದೆ. ಅದೂ ಪ್ರೋಟೀನೇ. ಬಟ್ಟಿ ಇಳಿಸಿದ ನೀರನ್ನು ಮೆಲ್ಲಗೆ ಬಿಟ್ಟು ತೊಳೆದು ಇಳಿಸಬೇಕು. ಕೊಂದ ಕೂಡಲೇ ಮಾಡಬೇಕು, ತಡವಾದರೆ ಒಳಪದರ ತಾನೇ ಕಳಚುತ್ತದೆ. ಮರಿ ಹೊಟ್ಟೆ ತುಂಬಿರಬೇಕು. ಉಪವಾಸ ಇದ್ದರೆ ಇಲಿಯಂ ಖಾಲಿ. ಮಾಲನ್ನು ಕೂಡಲೇ ಹೆಪ್ಪುಗಟ್ಟಿಸಿ, ಆ ಚಳಿಯಲ್ಲೇ ನೀರು ತೆಗೆದು ಒಣಗಿಸುತ್ತೇವೆ. ಬಿಸಿಲಿಗೋ ಒಲೆಗೋ ಇಡುವ ಹಾಗಿಲ್ಲ.

ಬೇರೆ ದಾರಿಯೂ ಇದೆ ಅಕ್ಕಾ. ಕೆನಡಾದ ಸಿಬ್ಬಾಲ್ಡ್ ಅನ್ನುವವರು 1976ರಲ್ಲಿ ಹುಂಜಗಳ ವಿಧಾನ ಒಂದನ್ನು ಪ್ರಕಟಿಸಿದರು. ಬೆಳೆದ ಹುಂಜವನ್ನು ಉಪವಾಸ ಇಟ್ಟು, ಅಳೆದ ಫೀಡನ್ನು ಕೊಳವೆಯಿಂದ ಒಳಗೆ ಇಳಿಸಿ, ಹಿಕ್ಕೆ ಹಿಡಿಯುವುದು. ಅದು ಶಕ್ತಿಯ ಲೆಕ್ಕಕ್ಕೆ ಮಾಡಿದ್ದು. ಆಮೇಲೆ ಕುರುಡು ಕರುಳು ತೆಗೆದ ಹುಂಜಗಳನ್ನು ಇಟ್ಟುಕೊಂಡು, ಪ್ರೋಟೀನಿನ ಬಿಡಿ ಇಟ್ಟಿಗೆಗಳಾದ ಅಮೈನೋ ಆಮ್ಲದ ಲೆಕ್ಕಕ್ಕೂ ಬಳಸಿದರು. ಯೂರಿಕ್ ಆಮ್ಲದಲ್ಲಿ ಅಮೈನೋ ಆಮ್ಲ ಇಲ್ಲವಲ್ಲ, ಹಾಗಾಗಿ ಅಲ್ಲಿ ಹಿಕ್ಕೆ ನಡೆಯುತ್ತದೆ. ಹುಂಜ ಬದುಕಿರುತ್ತದೆ, ಮತ್ತೆ ಮತ್ತೆ ಬಳಸಬಹುದು. ಆದರೆ ದೊಡ್ಡ ಹುಂಜದ ಹೊಟ್ಟೆ ಬೇರೆ, ದಿನಕ್ಕೆ 100 ಗ್ರಾಂ ತಿಂದು ಓಡೋಡಿ ಬೆಳೆಯುವ ಮೂರು ವಾರದ ಮರಿಯ ಹೊಟ್ಟೆ ಬೇರೆ.

ಗಂಗಾವತಿ ಬ್ರಾಯ್ಲರ್

ಎಲ್ಲಾ ಸರಿ. ಆದರೆ ಇದು ಯೂನಿವರ್ಸಿಟಿ ಲೆಕ್ಕ. ಸಾಕುವವನಿಗೆ ಎಫ್‌ಸಿಆರ್ ಸಾಕು. ತಿಂದದ್ದು ಎಷ್ಟು, ಬೆಳೆದದ್ದು ಎಷ್ಟು. ಅದರಲ್ಲೇ ಎಲ್ಲಾ ಬಂತು.

ರಾಯಚೂರು ಪಶುವೈದ್ಯ

ಎಲ್ಲಾ ಬಂತು ಅನ್ನುವುದೇ ತೊಂದರೆ, ಗಂಗಾವತಿಯವರೇ. ಎಫ್‌ಸಿಆರ್‌ನಲ್ಲಿ ಬಿಸಿಲೂ ಇದೆ, ನೀರೂ ಇದೆ, ಮರಿಯ ಗುಣಮಟ್ಟವೂ ಇದೆ, ಫೀಡ್ ಚೆಲ್ಲಿದ್ದೂ ಇದೆ. ಕೆಟ್ಟಿತು ಅಂತ ಹೇಳುತ್ತದೆ, ಯಾಕೆ ಕೆಟ್ಟಿತು ಅಂತ ಹೇಳುವುದಿಲ್ಲ. ಅದೂ ಬ್ಯಾಚ್ ಮುಗಿದ ಮೇಲೆ. ಸಿಂಧನೂರಿನವರಿಗೆ ಈಗ ಬೇಕಿರುವುದು ಯಾಕೆ ಅನ್ನುವುದು.

ಎಫ್‌ಸಿಆರ್ ಬೇಡ ಅಂತ ನಾನು ಹೇಳುವುದಿಲ್ಲ. ದಿನಾ ಬರೆದಿಡಿ.

ಕೊಪ್ಪಳ ಸಂಶೋಧನಾ ವಿದ್ಯಾರ್ಥಿ

ಈಗ ಮಾನ್ವಿ ಅಣ್ಣನ ಹಳ್ಳ. ಕರುಳಿನಲ್ಲಿರುವ ನೈಟ್ರೋಜನ್ ಎಲ್ಲವೂ ಫೀಡಿನದ್ದಲ್ಲ. ಜೀರ್ಣರಸ, ಲೋಳೆ, ಕಳಚಿದ ಜೀವಕೋಶ, ಇವು ಮರಿಯ ಮೈಯಿಂದಲೇ ಬಂದು ಸೇರುತ್ತವೆ. ಹೊಲದ ಬಸಿ ನೀರು ಕಾಲುವೆಗೆ ಸೇರಿದ ಹಾಗೆ. ಅದನ್ನು ಕಳೆಯದೆ ಬಂದ ಅಂಕಿಗೆ ಮೇಲ್ನೋಟದ ಜೀರ್ಣಶಕ್ತಿ ಅನ್ನಬಹುದು.

ಇದನ್ನು ತಿಳಿಯಲು ಕೆಲವು ಮರಿಗಳಿಗೆ ನೈಟ್ರೋಜನ್ನೇ ಇಲ್ಲದ ಫೀಡ್ ಕೊಡುತ್ತಾರೆ. ಮೆಕ್ಕೆಜೋಳದ ಪಿಷ್ಟ, ಸಕ್ಕರೆ, ಎಣ್ಣೆ, ಖನಿಜ. ಆಗ ಇಲಿಯಂನಲ್ಲಿ ಸಿಗುವ ನೈಟ್ರೋಜನ್ ಎಲ್ಲಾ ಮರಿಯದ್ದೇ. ಅದು ತಿಂದ ಒಂದು ಕೆಜಿಗೆ 1.6 ಗ್ರಾಂ ಬಂತು ಅಂತ ಇಟ್ಟುಕೊಳ್ಳಿ. ಮೂರು ಕೆಜಿಗೆ 4.8. ಮೊದಲಿನ ಲೆಕ್ಕದಲ್ಲಿ ಉಳಿದಿದ್ದ 18ರಲ್ಲಿ 4.8 ಮರಿಯದ್ದು, 13.2 ಮಾತ್ರ ಫೀಡಿನದ್ದು. ಆಗ ಜೀರ್ಣವಾದ ಪಾಲು 86.25 ಪರ್ಸೆಂಟ್. ಇದಕ್ಕೆ ಪ್ರಮಾಣಿತ ಇಲಿಯಲ್ ಜೀರ್ಣಶಕ್ತಿ ಅನ್ನುತ್ತಾರೆ, ಸಂಕ್ಷೇಪದಲ್ಲಿ ಎಸ್‌ಐಡಿ. ಫೀಡ್ ಫಾರ್ಮುಲಾ ಮಾಡುವವರು ಈಗ ನೋಡುವುದು ಇದನ್ನೇ.

ಯಾಕೆ ಅಂದರೆ, ಪ್ರೋಟೀನ್ ಕಡಿಮೆ ಇರುವ ಮೆಕ್ಕೆಜೋಳದಂಥ ಮಾಲಿನಲ್ಲಿ ಈ ಬಸಿ ನೀರಿನ ಪಾಲು ದೊಡ್ಡದಾಗಿ ಕಾಣುತ್ತದೆ. ಕಳೆಯದೆ ಬಿಟ್ಟರೆ ಮೆಕ್ಕೆಜೋಳಕ್ಕೆ ಅನ್ಯಾಯ. ಕಳೆದ ಅಂಕಿಗಳನ್ನು ಮಾತ್ರ ಮೆಕ್ಕೆಜೋಳದ್ದು ಇಷ್ಟು, ಸೋಯಾದ್ದು ಇಷ್ಟು ಅಂತ ಕೂಡಿಸಲು ಬರುತ್ತದೆ.

ಸಿಂಧನೂರು ಶೆಡ್

ತಮ್ಮಾ, ಎರಡು ಸಲ ಓದಿದೆ, ಅರ್ಥ ಆಯಿತು. ಈಗ ನನ್ನ ಹತ್ತಿ ಹಿಂಡಿಗೆ ಬನ್ನಿ.

ಬಳ್ಳಾರಿ ಫೀಡ್ ಲ್ಯಾಬ್

ಅದನ್ನು ನಾನು ಹೇಳುತ್ತೇನೆ. ಮರಿಗೆ ಬೇಕಿರುವುದು ಪ್ರೋಟೀನಿನ ಒಳಗಿನ ಅಮೈನೋ ಆಮ್ಲಗಳು. ಹತ್ತಿ ಹಿಂಡಿಯಲ್ಲಿ ಮೊದಲು ಕೊರತೆ ಬೀಳುವುದು ಲೈಸಿನ್ ಅನ್ನುವ ಅಮೈನೋ ಆಮ್ಲ.

ಸೋಯಾ ಡಿಒಸಿ 100 ಕೆಜಿಯಲ್ಲಿ ಲೈಸಿನ್ ಸುಮಾರು 2.8 ಕೆಜಿ. ಅದರಲ್ಲಿ 90 ಪರ್ಸೆಂಟ್ ಹತ್ತಿರ ಜೀರ್ಣ. ಮರಿಗೆ ಸಿಗುವುದು ಎರಡೂವರೆ ಕೆಜಿ. ಸಿಪ್ಪೆ ತೆಗೆದ ಹತ್ತಿ ಹಿಂಡಿಯಲ್ಲಿ ಪ್ರೋಟೀನ್ 40ರ ಆಸುಪಾಸು, ಸೋಯಾಕ್ಕಿಂತ ಬಹಳ ಕಡಿಮೆ ಏನಲ್ಲ. ಆದರೆ ಲೈಸಿನ್ 1.6 ಕೆಜಿ ಹತ್ತಿರ. ಅದರಲ್ಲಿ ಜೀರ್ಣವಾಗುವುದು 60ರಿಂದ 70 ಪರ್ಸೆಂಟ್. ಸಿಗುವುದು ಒಂದು ಕೆಜಿ ಅಷ್ಟೇ. ಪ್ರೋಟೀನ್ ಸರಿದೂಗಿಸಿದಿರಿ, ಹತ್ತಿ ಹಿಂಡಿಗೆ ಬದಲಿಸಿದ ಪಾಲಿನಲ್ಲಿ ಸಿಗುವ ಲೈಸಿನ್ ಅರ್ಧಕ್ಕಿಂತ ಕೆಳಗೆ ಹೋಯಿತು.

ಕಾರಣ ಗಾಸಿಪಾಲ್. ಹತ್ತಿಕಾಳಿನಲ್ಲಿರುವ ಹಳದಿ ಬಣ್ಣದ ವಿಷ. ಎಣ್ಣೆ ತೆಗೆಯುವಾಗ ಕಾಯಿಸುತ್ತಾರಲ್ಲ, ಆಗ ಅದು ಲೈಸಿನ್‌ಗೆ ಅಂಟಿಕೊಳ್ಳುತ್ತದೆ. ವಿಷದ ಜೋರು ಕಡಿಮೆ ಆಗುತ್ತದೆ, ಜೊತೆಗೆ ಲೈಸಿನ್ನೂ ಕಟ್ಟಿಹಾಕಿದಂತೆ. ಡಿಡಿಜಿಎಸ್ ಕಥೆಯೂ ಹತ್ತಿರ ಹತ್ತಿರ ಇದೇ. ಅಕ್ಕಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿದದ್ದನ್ನು ಕಾಯಿಸಿ ಒಣಗಿಸುತ್ತಾರೆ. ಶಾಖ ಜಾಸ್ತಿ ಆದರೆ ಸಕ್ಕರೆ ಅಂಶ ಲೈಸಿನ್ ಜೊತೆ ಕೂಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕಪ್ಪಗಿರುವ, ಸುಟ್ಟ ವಾಸನೆಯ ಡಿಡಿಜಿಎಸ್ ತಗೊಳ್ಳಬೇಡಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಮೈನೋ ಆಮ್ಲ ಅಳೆಯಲು ಲ್ಯಾಬಿನಲ್ಲಿ ಮಾಲನ್ನು ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಯಲ್ಲಿ ಸುಮಾರು 24 ಗಂಟೆ ಇಡುತ್ತೇವೆ. ಶಾಖಕ್ಕೆ ಕೆಟ್ಟ ಲೈಸಿನ್‌ನಲ್ಲಿ ಒಂದಿಷ್ಟು ಆ ಆಮ್ಲದಲ್ಲಿ ಮತ್ತೆ ಲೈಸಿನ್ ಆಗಿ ಕಾಣಿಸಿಕೊಳ್ಳುತ್ತದೆ. ಮರಿಯ ಹೊಟ್ಟೆಯಲ್ಲಿ ಹಾಗೆ ಆಗುವುದಿಲ್ಲ. ಹಾಗಾಗಿ ಸುಟ್ಟ ಮಾಲಿನಲ್ಲಿ ಲೈಸಿನ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇಲಿಯಂ ವಿಧಾನದಲ್ಲೂ ಈ ತೊಡಕು ಇದೆ.

ಕೊಪ್ಪಳ ಸಂಶೋಧನಾ ವಿದ್ಯಾರ್ಥಿ

ನಿಜ ಸರ್. ಅದಕ್ಕೇ ಅಂಥ ಮಾಲಿಗೆ ಬಳಕೆಗೆ ಬರುವ ಲೈಸಿನ್ ಅಂತ ಬೇರೆ ಪರೀಕ್ಷೆ ಮಾಡುತ್ತಾರೆ.

ರಾಯಚೂರು ಪಶುವೈದ್ಯ

ಸಿಂಧನೂರಿನವರ ಒದ್ದೆ ಲಿಟ್ಟರಿಗೂ ಉತ್ತರ ಸಿಕ್ಕಿತು ನೋಡಿ. ಲೈಸಿನ್ ಕೊರತೆ ಬಿದ್ದರೆ, ಜೀರ್ಣವಾಗಿ ರಕ್ತಕ್ಕೆ ಬಂದ ಉಳಿದ ಅಮೈನೋ ಆಮ್ಲಗಳೂ ಮಾಂಸ ಆಗುವುದಿಲ್ಲ. ಗೋಡೆ ಕಟ್ಟುವಾಗ ಸಿಮೆಂಟ್ ಮುಗಿದರೆ ಇಟ್ಟಿಗೆ ರಾಶಿ ಇದ್ದು ಏನು? ಅವನ್ನು ಮೈ ಸುಟ್ಟು ಯೂರಿಕ್ ಆಮ್ಲ ಮಾಡಿ ಹೊರಹಾಕುತ್ತದೆ. ಅದಕ್ಕೆ ನೀರು ಜಾಸ್ತಿ ಕುಡಿಯುತ್ತದೆ. ಲಿಟ್ಟರಿನಲ್ಲಿ ಸೂಕ್ಷ್ಮಜೀವಿಗಳು ಯೂರಿಕ್ ಆಮ್ಲವನ್ನು ಅಮೋನಿಯಾ ಮಾಡುತ್ತವೆ. ನಿಮ್ಮ ಕಣ್ಣು ಉರಿದದ್ದು ನೀವು ದುಡ್ಡು ಕೊಟ್ಟು ತಂದ ಪ್ರೋಟೀನಿನಿಂದಲೇ.

ಇದನ್ನೂ ಗಮನಿಸಿ. ಜೀರ್ಣಶಕ್ತಿ ಒಳ್ಳೆಯದಿದ್ದರೂ ಸಮತೋಲನ ಇಲ್ಲದಿದ್ದರೆ ಹೀಗೇ ಆಗುತ್ತದೆ. ಇಲಿಯಂ ಅಂಕಿ ಕರುಳು ದಾಟುವವರೆಗಿನ ಕಥೆ ಮಾತ್ರ.

ಗಂಗಾವತಿ ಬ್ರಾಯ್ಲರ್

ಡಾಕ್ಟರೇ, ಇದು ನನ್ನ ತಲೆಗೆ ಹೋಯಿತು. ನನ್ನ ಶೆಡ್ಡಲ್ಲೂ ಹೋದ ವರ್ಷ ಇದೇ ವಾಸನೆ ಇತ್ತು. ನಾನು ಭತ್ತದ ಹೊಟ್ಟು ಬದಲಿಸಿ ಬದಲಿಸಿ ಸೋತೆ.

ಕುಷ್ಟಗಿ ಅಕ್ಕ

ನಮ್ಮಲ್ಲಿ ಜೋಳ ಬೆಳೆಯುತ್ತೇವೆ. ಮಳೆಗೆ ಸಿಕ್ಕ ಜೋಳ ಅಗ್ಗಕ್ಕೆ ಹೋಗುತ್ತದೆ. ಮೆಕ್ಕೆಜೋಳದ ಜಾಗಕ್ಕೆ ಹಾಕಬಹುದೇ?

ಕೊಪ್ಪಳ ಸಂಶೋಧನಾ ವಿದ್ಯಾರ್ಥಿ

ಹಿಂಗಾರಿ ಬಿಳಿಜೋಳ ಸ್ವಲ್ಪ ಭಾಗ ಹಾಕಬಹುದು ಅಕ್ಕಾ. ಕೆಂಪು, ಕಂದು ಕಾಳಿನ ಕೆಲವು ತಳಿಗಳಲ್ಲಿ ಟ್ಯಾನಿನ್ ಇರುತ್ತದೆ, ಒಗರು. ಅದು ಪ್ರೋಟೀನನ್ನು ಹಿಡಿದುಕೊಂಡು ಜೀರ್ಣವಾಗಲು ಬಿಡುವುದಿಲ್ಲ. ಟ್ಯಾನಿನ್ ಇಲ್ಲದಿದ್ದರೂ ಜೋಳದ ಕಫಿರಿನ್ ಅನ್ನುವ ಪ್ರೋಟೀನ್ ಬೇಗ ಒಡೆಯುವುದಿಲ್ಲ. ಮಳೆಗೆ ನೆಂದು ಬೂಸ್ಟು ಹಿಡಿದದ್ದು ಮಾತ್ರ ಬೇಡವೇ ಬೇಡ, ಅದು ವಿಷ.

ಸಿಂಧನೂರು ಶೆಡ್

ನಾನು ಇಲಿಯಂ ಪರೀಕ್ಷೆ ಮಾಡಿಸಲು ಆಗುವುದಿಲ್ಲ. ನನ್ನಂಥವನು ಏನು ಮಾಡಬೇಕು?

ಬಳ್ಳಾರಿ ಫೀಡ್ ಲ್ಯಾಬ್

ಬೇಕಾಗಿಯೂ ಇಲ್ಲ. ಆ ಕೆಲಸವನ್ನು ಸಂಶೋಧಕರು ಮಾಡಿ ಕೋಷ್ಟಕ ಕೊಟ್ಟಿದ್ದಾರೆ. ಫಾರ್ಮುಲಾವನ್ನು ಕ್ರೂಡ್ ಪ್ರೋಟೀನಿಗೆ ಹೊಂದಿಸಬೇಡಿ. ಜೀರ್ಣವಾಗುವ ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್‌ಗೆ ಹೊಂದಿಸಿ. ಕೊರತೆ ಬಿದ್ದಷ್ಟು ಚೀಲದ ಲೈಸಿನ್ ಬೆರೆಸಬಹುದು, ಅದು ಪೂರ್ತಿ ಜೀರ್ಣವಾಗುತ್ತದೆ.

ನಿಮ್ಮ ಸೋಯಾ ಡಿಒಸಿ ಮೇಲೂ ಒಂದು ಕಣ್ಣಿರಲಿ. ಕೋಷ್ಟಕದ 90 ಅಂಕಿ ಸರಿಯಾಗಿ ಬೆಂದ ಸೋಯಾದ್ದು. ಬೇಯದಿದ್ದರೆ, ಪ್ರೋಟೀನ್ ಒಡೆಯುವ ಟ್ರಿಪ್ಸಿನ್ ಅನ್ನುವ ಜೀರ್ಣರಸವನ್ನು ತಡೆಯುವ ಅಂಶ ಅದರಲ್ಲಿ ಹಾಗೇ ಉಳಿಯುತ್ತದೆ. ಜಾಸ್ತಿ ಬೆಂದರೆ ಲೈಸಿನ್ ಕೆಡುತ್ತದೆ. ಯೂರಿಯೇಸ್ ಪರೀಕ್ಷೆ ಹಸಿ ಉಳಿದಿದೆಯೇ ಅಂತ ಮಾತ್ರ ಹೇಳುತ್ತದೆ. ಸೀದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಕೆಓಎಚ್ ಕರಗುವಿಕೆ ಪರೀಕ್ಷೆ ಕೇಳಿ. 0.2 ಪರ್ಸೆಂಟ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಪ್ರೋಟೀನಿನ ಎಷ್ಟು ಪಾಲು ಕರಗುತ್ತದೆ ಅಂತ ನೋಡುವುದು. 70ಕ್ಕಿಂತ ಕೆಳಗೆ ಬಂದರೆ ಸೀದಿದೆ. 85 ದಾಟಿದರೆ ಬೆಂದಿದ್ದು ಸಾಲದು. ಸಾಮಾನ್ಯ ಫೀಡ್ ಲ್ಯಾಬ್‌ನಲ್ಲೇ ಆಗುವ ಪರೀಕ್ಷೆ. ಕ್ರೂಡ್ ಪ್ರೋಟೀನ್ ಜೊತೆ ಇದನ್ನೂ ಬರೆದು ಕೊಡಿ.

ಕೊಪ್ಪಳ ಸಂಶೋಧನಾ ವಿದ್ಯಾರ್ಥಿ

ಒಂದು ಮಾತು ಸೇರಿಸುತ್ತೇನೆ. ಕೋಷ್ಟಕದ ಅಂಕಿಗಳು ಹೆಚ್ಚಾಗಿ ಮೂರು, ನಾಲ್ಕು ವಾರದ ಮರಿಗಳಿಂದ ಬಂದವು. ಮೊದಲ ವಾರದ ಮರಿಗೆ ಜೀರ್ಣರಸ ಇನ್ನೂ ಪೂರ್ತಿ ಬಂದಿರುವುದಿಲ್ಲ. ಹಾಗಾಗಿ ಪ್ರೀ ಸ್ಟಾರ್ಟರ್‌ನಲ್ಲಿ ಹತ್ತಿ ಹಿಂಡಿಯ ಪ್ರಯೋಗ ಬೇಡ ಅಣ್ಣಾ. ಅಲ್ಲಿ ಒಳ್ಳೆಯ ಸೋಯಾನೇ ಇರಲಿ. ಉಳಿತಾಯ ಕೊನೆಯ ವಾರಗಳ ಫೀಡಾದ ಫಿನಿಷರ್‌ನಲ್ಲಿ ನೋಡೋಣ. ನಿಮ್ಮ ಫಾರ್ಮುಲಾ ಇಲ್ಲೇ ಹಾಕಿ, ಸೇರಿ ಲೆಕ್ಕ ಮಾಡೋಣ.

ಸಿಂಧನೂರು ಶೆಡ್

ಮೂರು ವಾರ ಆಯಿತು, ಬರೆಯಲು ತಡವಾಯಿತು. ಎಲ್ಲರೂ ಹೇಳಿದಂತೆ ಸೋಯಾ ಪರೀಕ್ಷೆ ಮಾಡಿಸಿದೆ. ಕೆಓಎಚ್ ಕರಗುವಿಕೆ 66 ಬಂತು! ಅಂದರೆ ನನ್ನ ಉಳಿದರ್ಧ ಸೋಯಾ ಕೂಡ ಸೀದದ್ದೇ ಆಗಿತ್ತು. ಹತ್ತಿ ಹಿಂಡಿಯೊಂದನ್ನೇ ಬೈಯುತ್ತಿದ್ದೆ. ಬೇರೆ ಕಡೆಯಿಂದ ತಂದ ಮಾಲು 78 ಬಂದಿದೆ, ಅದನ್ನೇ ಇಳಿಸಿಕೊಂಡೆ.

ಫಾರ್ಮುಲಾವನ್ನು ಕೊಪ್ಪಳದ ತಮ್ಮ ಮತ್ತು ಬಳ್ಳಾರಿ ಸರ್ ಇಬ್ಬರೂ ತಿದ್ದಿ ಕೊಟ್ಟರು. ಸ್ಟಾರ್ಟರ್‌ನಲ್ಲಿ ಕ್ರೂಡ್ ಪ್ರೋಟೀನ್ 21.4ಕ್ಕೆ ಇಳಿದಿದೆ, ಜೀರ್ಣವಾಗುವ ಲೈಸಿನ್ ಏರಿದೆ. ಇಳಿದ ಅಂಕಿ ನೋಡಿ ನಮ್ಮ ಅಪ್ಪ ಒಪ್ಪಲೇ ಇಲ್ಲ. ಸಾರು ಬತ್ತಿದ ಲೆಕ್ಕ ಹೇಳಿ ಒಪ್ಪಿಸಿದೆ.

ನಿನ್ನೆ ಸಂಜೆ ಮರಿ ಬಂದವು. 7ನೇ ದಿನದ ತೂಕ ಇಲ್ಲೇ ಹಾಕುತ್ತೇನೆ. ಲಿಟ್ಟರ್ ಹೇಗಿದೆ ಅಂತಲೂ ಬರೆಯುತ್ತೇನೆ.

ಗಂಗಾವತಿ ಬ್ರಾಯ್ಲರ್

ಅಣ್ಣಾ, ಆ ಪರೀಕ್ಷೆಗೆ ಎಷ್ಟು ಸೋಯಾ ಕಳಿಸಬೇಕು? ನನ್ನ ಹತ್ತಿರ ಹಳೆಯ ಲೋಡಿನದ್ದು ಎರಡು ಚೀಲ ಉಳಿದಿವೆ.

ಬಳ್ಳಾರಿ ಫೀಡ್ ಲ್ಯಾಬ್

ಅರ್ಧ ಕೆಜಿ ಸಾಕು. ಒಂದೇ ಕಡೆಯಿಂದ ತೆಗೆಯಬೇಡಿ. ಎರಡೂ ಚೀಲದ ಮೇಲೆ, ನಡುವೆ, ತಳದಿಂದ ತೆಗೆದು ಕಲಸಿ ಕಳಿಸಿ.